ಒಂದೇ ಪಕ್ಕಕ್ಕೆ ಎಳೆಯುವ ಕಾರು

ಸಮತಟ್ಟಾದ ಹಾದಿಯಲ್ಲಿಯೂ ಕಾರು ಒಂದೇ ಪಾರ್ಶ್ವಕ್ಕೆ ಎಳೆಯುತ್ತ, ಸ್ಟಿಯರಿಂಗ್ ತಿರುಗಿಸಿದೊಡನೆ ಮುಂಭಾಗದಿಂದ ‘ಕಟಕ್’ ಎಂಬ ಧ್ವನಿಯನ್ನು ಹೊರಡಿಸುತ್ತಿದ್ದರೆ, ಕೂಡಲೇ ವೀಲ್ ಅಲೈನ್‌ಮೆಂಟಿಗೆ ಧಾವಿಸುವುದು ನಮ್ಮಲ್ಲಿ ರೂಢಿಯಾಗಿದೆಯಾದರೂ, ಅದು ನಾಡಿ ಹಿಡಿಯದೆ ಔಷಧವೀಯುವ ವೈದ್ಯವೇ ಸರಿ. ಬರಿಯ ಎಳೆತಕ್ಕೆ ಟೈರಿನ ಗಾಳಿಯ ಹೆಚ್ಚುಕಡಿಮೆಯಾಗಲಿ, ಕಚ್ಚಿಕೊಂಡ ಬ್ರೇಕಾಗಲಿ ಕಾರಣವಾಗಬಹುದು (ಅಂಥ ಚಕ್ರ ಉಳಿದವುಗಳಿಗಿಂತ ಬೇಗ ಕಾಯುತ್ತದೆ). ಆದರೆ ಎಳೆತವೂ ಶಬ್ದವೂ ಜೊತೆಗೂಡಿದಲ್ಲಿ ಸಂಶಯವು ಮೊದಲು ಲೋಯರ್ ಆರ್ಮಿನ ಬುಷ್, ಬಾಲ್ ಜಾಯಿಂಟುಗಳತ್ತ ಹೊರಳತಕ್ಕದ್ದು, ಬಳಿಕ ಸ್ಟ್ರಟ್ಟಿನ ಮೇಲ್ತುದಿಯ ಬೇರಿಂಗಿನತ್ತ. ನಿಂತ ಕಾರಿನ ಸ್ಟಿಯರಿಂಗನ್ನು ಒಬ್ಬರು ಅತ್ತಿತ್ತ ಆಡಿಸುತ್ತಿರಲು, ಮತ್ತೊಬ್ಬರು ಬಾನೆಟ್ಟು ತೆರೆದು ಸ್ಟ್ರಟ್ಟಿನ ನೆತ್ತಿಯ ಮೇಲೆ ಅಂಗೈಯಿಟ್ಟರೆ, ಅಲ್ಲಿಯ ಬೇರಿಂಗ್ ಕೆಟ್ಟಿದ್ದಲ್ಲಿ ಅದರ ಕುಲುಕು ಕೈಗೇ ತಿಳಿದೀತು. ಬಾಲ್ ಜಾಯಿಂಟು ಸಡಿಲವೆಂದು ಕಂಡರೆ ಮಾತ್ರ ಗಾಡಿಯನ್ನು ಹೆದ್ದಾರಿಗೆ ಒಯ್ಯಬೇಡಿ; ಅಲೈನ್‌ಮೆಂಟನ್ನು ಸವೆದ ಭಾಗ ಬದಲಿಸಿದ ನಂತರವೇ ಮಾಡಿಸಿ.