ಮಂಜಮ್ಮ ನಗಿಸುವಾಗ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯವರಿಗೆ ಶ್ರೀಕೃಷ್ಣ ಪಾರಿಜಾತವನ್ನು ಪರಿಚಯಿಸಬೇಕಾಗಿಲ್ಲ. ದೂತಿ ಬಾಯಿ ತೆರೆದಳೆಂದರೆ ತೂಕಡಿಸುತ್ತಿದ್ದವರೂ ಎದ್ದು ಕುಳಿತು ನಗುತ್ತಾರೆ. ಹಿಂದೆ ಈ ಆಟದ ಹೆಣ್ಣುಪಾತ್ರಗಳನ್ನು ಗಂಡಸರೇ ಕಟ್ಟುತ್ತಿದ್ದರು. ಸತ್ಯಭಾಮೆಯ ಬಿನ್ನಾಣವನ್ನು ಊರ ಹಿರಿಯರು ತಲೆದೂಗಿ ಮೆಚ್ಚುತ್ತಿದ್ದರು. ಅದೇ ಊರ ಸಂತೆಗೆ ಸೀರೆಯುಟ್ಟು, ಚೌಡಿಕೆ ಹಿಡಿದ ಜೋಗಪ್ಪ ಬಂದರೆ ಜೋಳ ನೀಡುವ ಕೈ ನೀಡುತ್ತದೆ, ಬೆನ್ನ ಹಿಂದೆ ಕಿಸಕ್ಕೆಂದು ನಗುವ ಬಾಯಿ ನಗುತ್ತದೆ. ಬಣ್ಣ ತೊಳೆದು ಗಂಡಸಾಗಿ ಮನೆಗೆ ಹೋಗುವವನಿಗೆ ಚಪ್ಪಾಳೆ. ಬಣ್ಣವಿಲ್ಲದೆಯೇ ಹೆಣ್ಣಾಗಿ ಬಾಳುವವರಿಗೆ ಕೇಕೆ. ಈ ವ್ಯತ್ಯಾಸವನ್ನು ನಾವು ಎಂದಾದರೂ ಯೋಚಿಸಿದ್ದುಂಟೆ?

ಈ ಎರಡು ಬಗೆಯ ನಗುವನ್ನೂ ಕಂಡುಂಡವರು ಮಾತಾ ಬಿ. ಮಂಜಮ್ಮ ಜೋಗತಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿ ಎಂಬ ಹೆಸರಿನಿಂದ ಹುಟ್ಟಿದ ಅವರಿಗೆ, ಹದಿಹರೆಯದಲ್ಲೇ ತಾನು ಹೆಣ್ಣು ಎಂಬ ಅರಿವು ಬಲವಾಯಿತು. ಮನೆಯವರಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಹುಲಿಗೆಮ್ಮನ ಗುಡಿಯಲ್ಲಿ ದೀಕ್ಷೆ ಕೊಡಿಸಿದರು. ಗಂಡುಡುಗೆ ಹೋಗಿ ಸೀರೆ, ಬಳೆ ಬಂದವು. ಆದರೆ ಮನೆಯೊಳಗೆ ಅವರಿಗೆ ಜಾಗ ಉಳಿಯಲಿಲ್ಲ. ಭಿಕ್ಷೆ, ಹಸಿವು, ದೌರ್ಜನ್ಯ ಎಲ್ಲವೂ ಬಂದವು; ಒಮ್ಮೆ ಬದುಕನ್ನೇ ಮುಗಿಸಿಕೊಳ್ಳಲು ಹೊರಟದ್ದೂ ಉಂಟು.

ದಾವಣಗೆರೆಯಲ್ಲಿ ಒಬ್ಬ ತಂದೆ ಹಾಡುತ್ತಿದ್ದುದನ್ನೂ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದುದನ್ನೂ ಅವರು ಕಂಡರು. ಅಲ್ಲಿ ಹಿಡಿದ ದಾರಿ ಕಾಳವ್ವ ಜೋಗತಿಯವರ ಬಳಿಗೆ ಒಯ್ದಿತು. ಹೆತ್ತ ಮನೆ ಕೈಬಿಟ್ಟ ಜೀವಕ್ಕೆ ಅನ್ಯಳೊಬ್ಬಳು ಗುರುವೂ ತಾಯಿಯೂ ಆದಳೆಂಬುದು ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ. ಕಾಳವ್ವನವರ ನಂತರ ಮೇಳವನ್ನು ಮಂಜಮ್ಮನವರೇ ನಡೆಸಿದರು. ರಂಗಕಲಾವಿದರ ಊರೆಂದೇ ಹೆಸರಾದ ಮರಿಯಮ್ಮನಹಳ್ಳಿ ಅವರ ನೆಲೆಯಾಯಿತು.

ಅವರ ಮಾತಿನ ಸೊಗಸೇ ಬೇರೆ. ಸಭೆಯಲ್ಲಿ ಒಬ್ಬರೇ ನಿಂತು ತಮ್ಮ ಬದುಕನ್ನೇ ಹಾಸ್ಯವಾಗಿ ಹೇಳುತ್ತಾರೆ. ಜನ ತಮ್ಮನ್ನು ನೋಡಿ ಆಡಿಕೊಳ್ಳುವ ಮೊದಲೇ ಆ ಮಾತನ್ನು ತಾವೇ ಎತ್ತಿ ನಗಿಸುತ್ತಾರೆ. ನಗು ಇಳಿಯುತ್ತಿದ್ದಂತೆ ಒಂದು ನೋವಿನ ಮಾತು ಬರುತ್ತದೆ, ಸಭೆ ಮೌನವಾಗುತ್ತದೆ. ಪೇಟೆಯ ಜನ ಈಗ ಇದನ್ನು ಸ್ಟ್ಯಾಂಡ್-ಅಪ್ ಕಾಮಿಡಿ ಎನ್ನುತ್ತಾರೆ. ನಮ್ಮ ದೂತಿಗೆ ಆ ಹೆಸರು ಯಾರೂ ಕೊಡಲಿಲ್ಲ, ಅಷ್ಟೆ!

ಇಂಗ್ಲೆಂಡಿನ ಎಡ್ಡಿ ಇಝಾರ್ಡ್ ಈ ಕಲೆಯಲ್ಲಿ ಜಗತ್ತಿಗೇ ಪರಿಚಿತರು. 1962ರಲ್ಲಿ ಏಡನ್‌ನಲ್ಲಿ ಹುಟ್ಟಿ, ಆರರ ಹರೆಯದಲ್ಲಿ ತಾಯಿಯನ್ನು ಕಳೆದುಕೊಂಡರು. ಗಂಡು-ಹೆಣ್ಣೆಂಬ ಒಂದೇ ಗೆರೆಯೊಳಗೆ ನಿಲ್ಲದ ತಮ್ಮ ಸ್ವಭಾವವನ್ನು ಮುಚ್ಚಿಡದೆ, ಉಗುರುಬಣ್ಣ, ಲಂಗ ತೊಟ್ಟೇ ವೇದಿಕೆಯೇರಿದರು. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲೂ ನಗಿಸಿದರು. 2009ರಲ್ಲಿ ದಾನಸಂಗ್ರಹಕ್ಕಾಗಿ 51 ದಿನಗಳಲ್ಲಿ 43 ಮ್ಯಾರಥಾನ್ ಓಡಿದರು. 2023ರಿಂದ ಸುಜಿ ಎಂಬ ಹೆಸರನ್ನೂ ಇಟ್ಟುಕೊಂಡಿದ್ದಾರೆ. ಅವರಿಗೆ ವೇದಿಕೆ ತಾವೇ ಆರಿಸಿಕೊಂಡ ವೃತ್ತಿ. ಮಂಜಮ್ಮನವರಿಗೆ ಮೊದಲು ಅದು ರೊಟ್ಟಿಯ ಪ್ರಶ್ನೆ.

ಇಂಥ ಮಕ್ಕಳು ಎಲ್ಲೋ ಜೋಗತಿಯರ ಮೇಳದಲ್ಲಿ ಮಾತ್ರ ಇರುತ್ತಾರೆಂದು ಭಾವಿಸಬೇಡಿ. ನಮ್ಮ ಧರ್ಮಕೇಂದ್ರದ ಕುಟುಂಬಗಳಲ್ಲೂ ಹುಟ್ಟುತ್ತಾರೆ. ಅಣ್ಣನ ಗೇಲಿ, ತಂದೆಯ ಮೌನ, "ನಾಲ್ಕು ಜನ ಏನೆಂದಾರು" ಎಂಬ ತಾಯಿಯ ಅಳಲು, ಇವೆಲ್ಲವನ್ನೂ ಆ ಮಗು ಮನೆಯಲ್ಲೇ ಮೊದಲು ಕೇಳುತ್ತದೆ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯಲಿಂಗಿಗಳನ್ನು ಕಾನೂನಿನಲ್ಲಿ ಗುರುತಿಸಿತು. ಆದರೆ ಉಣ್ಣುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿರೆಂದು ಯಾವ ನ್ಯಾಯಾಲಯ ಹೇಳೀತು?

ಮಂಜಮ್ಮನವರಿಗೆ 2010ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂದಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ತೃತೀಯಲಿಂಗಿ ಅವರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ಮುಂದೆ ನಿಂತು ತಮ್ಮ ಸೀರೆಯ ಸೆರಗಿನಿಂದ ಅವರಿಗೆ ದೃಷ್ಟಿ ತೆಗೆದರು. ದಾರಿಯಲ್ಲಿ ಜನ ನಕ್ಕಿದ್ದ ಅದೇ ಸೀರೆಯ ಸೆರಗು. ಸಭೆ ಚಪ್ಪಾಳೆ ತಟ್ಟಿತು.