ಕಿಂಗ್ಸ್ ಸರ್ಕಲ್ ಸೇತುವೆಯ ಕೆಳಗೆ

ಮಾಟುಂಗಾದಲ್ಲಿ ಕಾಫಿ ಕುಡಿದು, ಹೂವು ವೀಳ್ಯದೆಲೆ ಕೊಂಡು ಮನೆಗೆ ಮರಳುವ ನಮ್ಮವರಲ್ಲಿ ಕಿಂಗ್ಸ್ ಸರ್ಕಲಿನ ರೈಲು ಸೇತುವೆಯನ್ನು ತಲೆಯೆತ್ತಿ ನೋಡಿದವರು ಎಷ್ಟು ಮಂದಿಯೋ ಕಾಣೆ. ತೋಟವನ್ನು ಬಳಸಿಕೊಂಡು ಸಾಯನ್ ಕಡೆಗೆ ತುಸು ನಡೆದರೆ ಅಂಬೇಡ್ಕರ್ ರಸ್ತೆಯ ಮೇಲೆ ಹಾರ್ಬರ್ ಮಾರ್ಗದ ಆ ಸೇತುವೆ ಎದುರಾಗುತ್ತದೆ. ಮಳೆಗಾಲದಲ್ಲಿ ಗಾಂಧಿ ಮಾರ್ಕೆಟಿನ ಬಳಿ ನೀರು ನಿಂತು ಸುದ್ದಿಯಾಗುತ್ತದೆ. ಉಳಿದ ಕಾಲದಲ್ಲಿ ಎತ್ತರದ ಲಾರಿ ಯಾವುದಾದರೊಂದು ಸಿಕ್ಕಿಕೊಂಡು ಸುದ್ದಿಯಾಗುತ್ತದೆ. ಅಲ್ಲಿಯ ಕಬ್ಬಿಣದ ತೊಲೆಗೂ ನನಗೂ ಒಂದು ಲೆಕ್ಕ ಬಾಕಿಯಿದೆ.

ಎರಡು ವರ್ಷದ ಕೆಳಗೆ ದೀಪಾವಳಿ ಮುಗಿಸಿಕೊಂಡು ಖಾಸಗಿ ಬಸ್ಸಿನಲ್ಲಿ ಊರಿನಿಂದ ಬರುತ್ತಿದ್ದೆವು. ಕುಂದಾಪುರದಲ್ಲಿ ನಾವು ಹತ್ತುವಾಗಲೇ ಸಾಮಾನಿನ ಗೂಡುಗಳೆಲ್ಲ ತುಂಬಿದ್ದವು. ಅಮ್ಮ ಕಟ್ಟಿಕೊಟ್ಟ ಕುಚ್ಚಲಕ್ಕಿಯ ಮೂಟೆಯನ್ನು ನೋಡಿ ಚಾಲಕ, “ಜಾಗ ಇಲ್ಲ ಮಾರಾಯ್ರೆ” ಎಂದ. “ಮೇಲೆ ಹಾಕಿ ಅಣ್ಣ, ಒಂದು ಮೂಟೆಯಿಂದ ಏನಾಗುತ್ತದೆ?” ಎಂದೆ. ಹಾಗೆಂದವನು ನಾನೊಬ್ಬನೇ ಅಲ್ಲ. ಬಸ್ಸಿನ ನೆತ್ತಿಯ ಮೇಲೆ ಹಸಿರು ಟಾರ್ಪಾಲಿನ ಗುಡ್ಡವೇ ಎದ್ದಿತು.

ಮರುದಿನ ಬೆಳಿಗ್ಗೆ ಸಾಯನ್ ದಾಟಿ ದಾದರಿನ ಕಡೆಗೆ ಹೊರಟಾಗ ಅರ್ಧಕ್ಕರ್ಧ ಜನ ನಿದ್ದೆಯಲ್ಲಿದ್ದರು. ಕರಕರನೆ ಸದ್ದಾಯಿತು, ಬಸ್ಸು ನಿಂತಿತು. ಟಾರ್ಪಾಲು ಹರಿದು ಯಾರದೋ ಅಕ್ಕಿ ರಸ್ತೆಗೆ ಸುರಿಯಿತು. ಹಿಂದಿನಿಂದ ಹಾರನ್ನುಗಳ ಆರ್ಭಟ. ಪೊಲೀಸರು ಬಂದರು, ದಂಡ ಹಾಕಿದರು. ಅದು ತನ್ನ ಸಂಬಳದಿಂದಲೇ ಹೋಗುತ್ತದೆಂದು ಚಾಲಕ ತಣ್ಣಗೆ ಹೇಳಿದ. ನಮ್ಮಲ್ಲಿ ಯಾರೂ ಬಾಯಿ ಬಿಡಲಿಲ್ಲ. ನನ್ನ ಮೂಟೆ ಮಾತ್ರ ಕ್ಷೇಮವಾಗಿತ್ತು!

ನಿಯಮದ ಪುಸ್ತಕ ತಿರುವುವುದೇ ನನ್ನಂಥ ಗುಮಾಸ್ತನ ಅನ್ನ. ಆದರೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ನಾನು ತೆರೆದದ್ದು ಆ ಸಂಜೆಯೇ. ಎರಡಂತಸ್ತಿನ ವಾಹನಕ್ಕೆ 4.75 ಮೀಟರು ಎತ್ತರ, ಉಳಿದವಕ್ಕೆ 3.8 ಮೀಟರು ಎಂದು ಬಹುಕಾಲ ನಡೆದುಬಂತು. ಪ್ರವಾಸಿ ಬಸ್ಸಿನ ಸಾಮಾನಿಗೆ ಹಿಂದೆ ಅಥವಾ ಪಕ್ಕದಲ್ಲಿ ಗೂಡಿರಬೇಕೆಂದೂ ಬರೆದಿದೆ. ನೆತ್ತಿಯ ಮಾತೇ ಇಲ್ಲ.

ನಮ್ಮ ಚಾಳಿನಲ್ಲಿ ಬೆಸ್ಟಿನ ಎರಡಂತಸ್ತಿನ ಬಸ್ಸು ನಡೆಸಿ ನಿವೃತ್ತರಾದ ಕಾರ್ಕಳದ ಹಿರಿಯರೊಬ್ಬರಿದ್ದಾರೆ. 1937ರಲ್ಲಿ ಮುಂಬಯಿಗೆ ಬಂದ ಆ ಬಸ್ಸುಗಳ ಡೀಸೆಲ್ ಪೀಳಿಗೆ 2023ರ ಸೆಪ್ಟೆಂಬರ್ 15ರಂದು ಕೊನೆಯ ಓಟ ಓಡಿತು, ಈಗಿನವು ವಿದ್ಯುತ್ತಿನವು. “ನಮಗೆ ದಾರಿಯ ಮರದ ಕೊಂಬೆಯೂ ಬಾಯಿಪಾಠ” ಎಂದರು ಅವರು. “ರಸ್ತೆಗೆ ಹೊಸ ಡಾಂಬರು ಬಿದ್ದರೆ ಸೇತುವೆ ಅಷ್ಟು ತಗ್ಗಿತು ಅಂತಲೇ ಲೆಕ್ಕ. ಮೇಲಂತಸ್ತಿನಲ್ಲಿ ಒಬ್ಬರನ್ನೂ ನಿಲ್ಲಲು ಬಿಡುತ್ತಿರಲಿಲ್ಲ. ಭಾರ ಮೇಲೇರಿದರೆ ತಿರುವಿನಲ್ಲಿ ಗಾಡಿ ನಮ್ಮ ಮಾತು ಕೇಳುವುದಿಲ್ಲ.” ಬ್ರಿಟನ್ನಿನಲ್ಲಿ ಇಂಥ ಬಸ್ಸಿನ ಮೇಲಂತಸ್ತಿಗೆ ಮಾತ್ರ ಜನರಷ್ಟು ಭಾರ ಹೇರಿ, 28 ಡಿಗ್ರಿ ಓರೆ ಮಾಡಿ, ಉರುಳದೆ ನಿಂತರೆ ಮಾತ್ರ ರಸ್ತೆಗೆ ಬಿಡುತ್ತಾರೆ. 3 ಮೀಟರಿಗಿಂತ ಎತ್ತರದ ಬಸ್ಸಾದರೆ ಚಾಲಕನ ಕಣ್ಣೆದುರಿಗೇ ಅದರ ಎತ್ತರವನ್ನು ಬರೆದಿಟ್ಟಿರಬೇಕು. ನಮ್ಮ ಚಾಲಕನ ಕಣ್ಣೆದುರಿಗೆ ಇದ್ದದ್ದು ಗಣಪತಿಯ ಪಟ. ಬರೆದಿಟ್ಟಿದ್ದರೂ ನಮ್ಮ ಮೂಟೆಗಳ ಎತ್ತರವನ್ನು ಅದಕ್ಕೆ ಕೂಡಿಸುವವರು ಯಾರು?

ಎತ್ತರ ಕಣ್ಣಿಗಾದರೂ ಕಾಣುತ್ತದೆ, ತೂಕ ಕಾಣುವುದಿಲ್ಲ. 2018ರ ಜುಲೈಯಲ್ಲಿ ಸರಕಾರವು ನಾಲ್ಕು ಟೈರಿನ ಒಂಟಿ ಅಚ್ಚಿನ ಮೇಲೆ ಬೀಳಬಹುದಾದ ಭಾರವನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಅದೇ ತಿಂಗಳ 3ರಂದು ಅಂಧೇರಿಯ ಗೋಖಲೆ ಸೇತುವೆಯ ಕಾಲುದಾರಿ ಕುಸಿದು ಹಳಿಗಳ ಮೇಲೆ ಬಿದ್ದಿತ್ತು. ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೂ ಎರಡನ್ನೂ ಒಟ್ಟಿಗೆ ಓದಿದಾಗ ಮೈ ಜುಮ್ಮೆಂದಿತು. ಸಾಯನ್ನಿನಲ್ಲಿ ಹಳಿಗಳನ್ನು ದಾಟಿಸುತ್ತಿದ್ದ ಸೇತುವೆ 1912ರದು. ಇನ್ನು ಭಾರ ತಾಳದೆಂದು 2024ರ ಆಗಸ್ಟ್ 1ರಂದು ಅದನ್ನು ಮುಚ್ಚಿದರು.

ಮರುವಾರ ಆ ಬಸ್ಸು ಬರುವ ಹೊತ್ತಿಗೆ, ದಂಡದಲ್ಲಿ ನನ್ನ ಪಾಲೆಂದು ತೋರಿದಷ್ಟು ಹಣವನ್ನು ಕಿಸೆಯಲ್ಲಿಟ್ಟುಕೊಂಡು ಸಾಯನ್ನಿಗೆ ಹೋಗಿ ನಿಂತೆ. ಇಳಿದವನು ಬೇರೊಬ್ಬ. “ಅವ ಈಗ ಈ ಲೈನಿಗೆ ಬರುದಿಲ್ಲ ಸಾರ್, ಊರಲ್ಲೇ ಇದ್ದಾನೆ. ಎಂತ ಬೇಕಿತ್ತು?” ಎಂದು ಕೇಳಿದ. ಹೇಳಲು ನಾಚಿಕೆಯಾಯಿತು, ಆದರೂ ಹೇಳಿ, ಹಣವನ್ನು ಅವನ ಕೈಗೇ ಕೊಟ್ಟೆ. ಎಣಿಸಿ ಜೇಬಿಗೆ ಹಾಕಿಕೊಂಡು, ಹೊರಡುವ ಮುನ್ನ ಅವನು ಏಣಿ ಹತ್ತಿ ನೆತ್ತಿಯ ಮೇಲಿನ ಹಗ್ಗವನ್ನು ಇನ್ನೊಮ್ಮೆ ಬಿಗಿದ.