ಆಪಾ ನೋಡದ ಸಿನಿಮಾಗಳು

ಹರೆಯದ ಹುಡುಗರಿಗೆ ಹಾಡು, ನಾಟಕ, ಸಿನಿಮಾ ಎಂದರೆ ಹುಚ್ಚು. ಈ ಹುಚ್ಚನ್ನು ಕಂಡು ಹಿರಿಯರು ಯಾವ ಕಾಲದಲ್ಲೂ ಸಮಾಧಾನಪಟ್ಟಿಲ್ಲ. 'ಇದರಿಂದ ಹೊಟ್ಟೆ ತುಂಬುತ್ತದೆಯೇ?' ಎಂಬ ಮಾತನ್ನು ಕೇಳದೆ ಬೆಳೆದವರು ಕಡಿಮೆ. ಮುಸ್ಲಿಮ್ ಮನೆಗಳಲ್ಲಿ ಇದರ ಜೊತೆಗೆ 'ಇದು ಸರಿಯೇ?' ಎಂಬ ಇನ್ನೊಂದು ಪ್ರಶ್ನೆಯೂ ಸೇರಿಕೊಳ್ಳುತ್ತದೆ. ಸಂಗೀತದ ಬಗ್ಗೆ ಧರ್ಮವನ್ನು ಓದಿಕೊಂಡವರ ನಡುವೆ ಬಹಳ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಅದನ್ನು ಬಗೆಹರಿಸುವ ಪಾಂಡಿತ್ಯ ನಮಗಿಲ್ಲ. ನಾವು ಹೇಳಹೊರಟಿರುವುದು ಅದಕ್ಕಿಂತ ಸಣ್ಣ ಸಂಗತಿ. ಆ ಪ್ರಶ್ನೆ ಮನೆಯೊಳಗೆ ಯಾರಿಗೆ ಎಷ್ಟು ತಾಗುತ್ತದೆ ಎಂಬುದು ಮಾತ್ರ.

ಇಲ್ಲಿ ನಾವು ಎಂದರೆ ನಾಲ್ವರು. ನಾವಿಬ್ಬರು ಅಣ್ಣತಮ್ಮಂದಿರು, ಪಕ್ಕದ ಓಣಿಯ ಬಡಿಗೇರರ ಹುಡುಗ, ಆಚೆಯ ನೇಕಾರರ ಮನೆಯ ಹುಡುಗ. ಊರು ವಿಜಯಪುರ. ಆಗಿನ್ನೂ ಅದು ಬಿಜಾಪುರವೇ. ಎಂಬತ್ತರ ದಶಕದಲ್ಲಿ ನಾವು ಹೈಸ್ಕೂಲು ಮುಗಿಸಿ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದೆವು.

ನಮ್ಮ ಅಬ್ಬಾ ದರ್ಜಿ. ಮನೆಯಲ್ಲಿ ಹಾಡು ಎಂದರೆ ಹುಬ್ಬು ಗಂಟಿಕ್ಕುತ್ತಿದ್ದ ಅಬ್ಬಾ ಅಂಗಡಿಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ರೇಡಿಯೋ ಹಚ್ಚಿಡುತ್ತಿದ್ದರು. ಕೇಳಿದರೆ, 'ಗಿರಾಕಿಗೆ ಬ್ಯಾಸರ ಆಗಬಾರದಲ್ಲ' ಎನ್ನುತ್ತಿದ್ದರು. ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲೂ ಅದು ಹಾಡುತ್ತಲೇ ಇರುತ್ತಿತ್ತು. ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನ್ಸೂರರು, ಗಂಗೂಬಾಯಿ ಹಾನಗಲ್ಲರು, ಬಸವರಾಜ ರಾಜಗುರುಗಳು ಆ ಸಣ್ಣ ಅಂಗಡಿಗೆ ಬಂದು ಹೋಗುತ್ತಿದ್ದರು. ಬುಧವಾರ ರಾತ್ರಿ ರೇಡಿಯೋ ಸಿಲೋನಿನಲ್ಲಿ ಅಮೀನ್ ಸಯಾನಿಯವರ ದನಿ. ಹಾಡು ಬದಲಾದಂತೆ ಮಷೀನಿನ ಪೆಡಲ್ ಮೇಲಿದ್ದ ಅಬ್ಬಾರ ಕಾಲಿನ ಗತಿಯೂ ಬದಲಾಗುತ್ತಿತ್ತು. ಇದನ್ನು ನಾವು ನೋಡಿದ್ದೆವು. ನಾವು ನೋಡಿದ್ದೇವೆಂದು ಅವರಿಗೂ ಗೊತ್ತಿತ್ತು. ಇಬ್ಬರೂ ಮಾತಾಡಲಿಲ್ಲ.

ಮನೆಯಲ್ಲಿ ಒಂದು ಟೇಪ್‌ರೆಕಾರ್ಡರ್ ಇತ್ತು. ಗಲ್ಫ್‌ನಲ್ಲಿದ್ದ ಮಾಮು ತಂದುಕೊಟ್ಟದ್ದು. ಖಾಲಿ ಕ್ಯಾಸೆಟ್ ಕೊಂಡು, ಬೇಕಾದ ಹಾಡುಗಳ ಪಟ್ಟಿಯನ್ನು ಕ್ಯಾಸೆಟ್ ಅಂಗಡಿಗೆ ಕೊಟ್ಟರೆ ವಾರದೊಳಗೆ ತುಂಬಿಸಿ ಕೊಡುತ್ತಿದ್ದರು. ಅರವತ್ತು ನಿಮಿಷದ್ದಾದರೆ ಹನ್ನೆರಡೋ ಹದಿಮೂರೋ ಹಾಡು. ಹೊರಗೆ ಹೋಗಿ ಕ್ಯಾಸೆಟ್ ತುಂಬಿಸಿಕೊಂಡು ಬರುವುದು ನಮ್ಮ ಕೆಲಸ. ಪಟ್ಟಿ ಬರೆಯುವುದು ಆಪಾಳ ಕೆಲಸ.

ಆಪಾ ನಮಗಿಂತ ನಾಲ್ಕು ವರ್ಷ ದೊಡ್ಡವಳು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಯಾವ ಹಾಡಿನ ನಂತರ ಯಾವುದು ಬರಬೇಕು, ಎ ಬದಿಗೆ ಏನು, ಬಿ ಬದಿಗೆ ಏನು ಎಂಬುದನ್ನೆಲ್ಲ ಅವಳೇ ಗೊತ್ತು ಮಾಡುತ್ತಿದ್ದಳು. ನೌಷಾದರ ಪಕ್ಕದಲ್ಲಿ ಮೈಸೂರು ಅನಂತಸ್ವಾಮಿಯವರು ಇರುತ್ತಿದ್ದರು. ನಿಸಾರ್ ಅಹಮದರ 'ನಿತ್ಯೋತ್ಸವ' 1978ರಲ್ಲಿ ಕ್ಯಾಸೆಟ್ ಆಗಿ ಬಂದಿತ್ತು. ಕೇಳಿ ಕೇಳಿ ನಮ್ಮ ಮನೆಯ ಪ್ರತಿಯ ಟೇಪು ಸವೆದು ದನಿ ಅಲುಗುತ್ತಿತ್ತು. ಬಹಳ ಇಷ್ಟವಾದ ಕ್ಯಾಸೆಟ್ಟಿನ ಅಂಚಿನಲ್ಲಿರುವ ಎರಡು ಪ್ಲಾಸ್ಟಿಕ್ ಚೂರುಗಳನ್ನು ಆಪಾ ಮುರಿದುಬಿಡುತ್ತಿದ್ದಳು. ಆಮೇಲೆ ಅದರ ಮೇಲೆ ಬೇರೆ ಏನನ್ನೂ ರೆಕಾರ್ಡ್ ಮಾಡಲು ಬರುವುದಿಲ್ಲ. ನಮ್ಮ ಅಭಿರುಚಿ ಎಂದು ಇವತ್ತು ನಾವು ಹೇಳಿಕೊಳ್ಳುವುದರಲ್ಲಿ ಅರ್ಧದಷ್ಟು ಆಪಾಳ ಪಟ್ಟಿಗಳೇ.

ಆದರೆ ಸಿನಿಮಾ ಥಿಯೇಟರಿಗೆ ಹೋಗುತ್ತಿದ್ದವರು ನಾವು ಮಾತ್ರ. ಹಳೆಯ ಸಿನಿಮಾಗಳು ಕಡಿಮೆ ದರದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಕಾಲ ಅದು. 1972ರ 'ಬಂಗಾರದ ಮನುಷ್ಯ'ವನ್ನು ನಾವು ನೋಡಿದ್ದು ಅದು ಬಂದು ಎಷ್ಟೋ ವರ್ಷಗಳಾದ ಮೇಲೆ. ಮನೆಯವರಿಗೆ ಇದು ತಿಳಿಯುತ್ತಿರಲಿಲ್ಲವೇ? ತಿಳಿಯುತ್ತಿತ್ತು. ಒಂದು ದಿನ ಬೈಗುಳ, ಎರಡನೆಯ ದಿನ ಮೌನ, ಮೂರನೆಯ ದಿನ ಊಟದ ಹೊತ್ತಿಗೆ ಎಲ್ಲ ಸರಿ. ಹುಡುಗರಲ್ಲವೇ, ಹರೆಯದಲ್ಲಿ ಇದೆಲ್ಲ ಇದ್ದದ್ದೇ ಎಂಬ ರಿಯಾಯಿತಿ ನಮಗಿತ್ತು.

ಆ ರಿಯಾಯಿತಿ ಆಪಾಳಿಗೆ ಇರಲಿಲ್ಲ. ಅವಳಿಗೆ ನಾವು ಸಿನಿಮಾ ತಂದುಕೊಡುತ್ತಿದ್ದೆವು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಮೊದಲ ದೃಶ್ಯದಿಂದ ಕಡೆಯವರೆಗೆ ಹೇಳಬೇಕು. ಹಾಡು ಬಂದಲ್ಲಿ ಅವಳೇ ಮೆಲ್ಲನೆ ಹಾಡುತ್ತಿದ್ದಳು. ನಮಗೆ ಪಲ್ಲವಿ ಮಾತ್ರ ನೆನಪಿದ್ದರೆ ಅವಳಿಗೆ ಚರಣಗಳೂ ಬರುತ್ತಿದ್ದವು. 'ಮೊಘಲ್-ಎ-ಆಝಮ್' ಕತೆ ಹೇಳಿದ ರಾತ್ರಿ ಅವಳು ಒಂದು ಪ್ರಶ್ನೆ ಕೇಳಿದಳು.

'ಅನಾರ್ಕಲಿನ್ನ ಸುರಂಗದಾಗ ಬಿಟ್ಟರಲ್ಲ, ಆಮ್ಯಾಲೆ ಆಕಿ ಎಲ್ಲಿ ಹೋದ್ಲು?'

'ಅದನ್ನ ತೋರಿಸಿಲ್ಲ ಆಪಾ.'

'ಯಾಕ ತೋರಿಸಿಲ್ಲ?'

ಟಿಕೆಟು ಕೊಟ್ಟು ನೋಡಿ ಬಂದ ನಮ್ಮ ನಾಲ್ವರಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ.

ನಾಟಕದ ಕತೆಯೂ ಹೀಗೆಯೇ. ಜನವರಿಯಲ್ಲಿ ಸಿದ್ಧೇಶ್ವರ ಜಾತ್ರೆ ಬಂದರೆ ನಾಟಕದ ಗುಂಗು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಂತೂ ಕಂಪನಿಗಳು ಸಾಲಾಗಿ ಬೀಡುಬಿಟ್ಟು ರಾತ್ರಿಯಿಡೀ ಆಟ ಆಡುತ್ತವೆ. ಸುತ್ತಲಿನ ಹಳ್ಳಿಗಳಲ್ಲಿ ಊರ ಹುಡುಗರೇ ಬಣ್ಣ ಹಚ್ಚುತ್ತಾರೆ. ನಾಯಕಿಯ ಪಾತ್ರಕ್ಕೆ ಕಂಪನಿಯಿಂದ ಕಲಾವಿದೆಯರನ್ನು ಕರೆಸುತ್ತಾರೆ, ಪರದೆಗಳನ್ನು ಬಾಡಿಗೆಗೆ ತರುತ್ತಾರೆ, ಪೇಟಿ ಮಾಸ್ತರರೇ ನಿರ್ದೇಶಕರು. ನಮ್ಮ ಸೀಮೆಯವರೇ ಆದ ಪಿ.ಬಿ. ಧುತ್ತರಗಿಯವರ 'ಸಂಪತ್ತಿಗೆ ಸವಾಲ್' ನಾಟಕ 1974ರಲ್ಲಿ ರಾಜ್‌ಕುಮಾರ್ ಅವರ ಸಿನಿಮಾ ಆದದ್ದು ಎಲ್ಲರಿಗೂ ಗೊತ್ತು. ನೇಕಾರರ ಗೆಳೆಯ ತನ್ನ ಅಜ್ಜಿಯ ಊರಿನ ನಾಟಕದಲ್ಲಿ ಪಾತ್ರ ಮಾಡಿದಾಗ ನಾವು ಎತ್ತಿನ ಗಾಡಿಯಲ್ಲಿ ಹೋಗಿ ನೋಡಿ ಬಂದೆವು. ಮೊಹರಮ್ಮಿನಲ್ಲಿ ಅದೇ ಊರಿನಲ್ಲಿ ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳೂ ಇದ್ದರು, ಮುಸ್ಲಿಮರೂ ಇದ್ದರು. ಪದಗಳು ಕರ್ಬಲಾದವು, ಭಾಷೆ ಕನ್ನಡ. ಯಾರ ಹಾಡು ಯಾರದು ಎಂದು ವಿಂಗಡಿಸುವ ಅಗತ್ಯ ಅಲ್ಲಿ ಯಾರಿಗೂ ಬಿದ್ದಿರಲಿಲ್ಲ.

ದೊಡ್ಡವರಾಗಿ ನಾಲ್ಕು ಪುಸ್ತಕ ಓದಿದ ಮೇಲೆ ನಮಗೆ ನಮ್ಮೂರಿನ ಬಗ್ಗೆ ಇನ್ನಷ್ಟು ಸಂಗತಿಗಳು ತಿಳಿದವು. ನಾವು ಪರೀಕ್ಷೆಗೆ ಓದಲು ಹೋಗಿ ಕೂರುತ್ತಿದ್ದ ಇಬ್ರಾಹಿಮ್ ರೋಜಾದಲ್ಲಿ ಮಲಗಿರುವ ಎರಡನೆಯ ಇಬ್ರಾಹಿಮ್ ಆದಿಲ್‌ಷಾ 1580ರಿಂದ 1627ರವರೆಗೆ ಆಳಿದವನು. ರಾಗಗಳಿಗೆ ಹೊಂದಿಸಿ ದಖನಿಯಲ್ಲಿ ಹಾಡುಗಳನ್ನು ಬರೆದು 'ಕಿತಾಬ್-ಎ-ನವರಸ್' ಮಾಡಿದವನು. ಅದರಲ್ಲಿ ಸರಸ್ವತಿಯ ಸ್ತುತಿಯೂ ಇದೆ, ಕಲಬುರಗಿಯ ಬಂದೇ ನವಾಜರ ಸ್ತುತಿಯೂ ಇದೆ. ತನ್ನ ತಂಬೂರಿಗೆ ಅವನು 'ಮೋತಿ ಖಾನ್' ಎಂದು ಹೆಸರಿಟ್ಟಿದ್ದ.

ಸುಲ್ತಾನರ ಮಾತು ಬಿಡೋಣ. ಬಿಜಾಪುರದ ಸೂಫಿಗಳು ಹೆಂಗಸರಿಗಾಗಿ 'ಚಕ್ಕಿನಾಮಾ'ಗಳನ್ನು ಬರೆದರು. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿಕೊಳ್ಳುವ ದಖನಿ ಪದಗಳು ಅವು. ಕಾಳು ಬೀಸುತ್ತ, ದೇವರ ನೆನಪು ಮಾಡುತ್ತ ಹಾಡುವುದು. ಹಾಡು ಎಂಬುದು ಹೊರಗಿನಿಂದ ನಮ್ಮ ಮನೆಗೆ ನುಗ್ಗಿದ್ದಲ್ಲ. ಅದು ಅಡುಗೆಮನೆಯ ಪಕ್ಕದಲ್ಲೇ, ಹೆಂಗಸರ ಬಾಯಲ್ಲೇ ಇತ್ತು.

ಇನ್ನು ಅಮೀರ್‌ಬಾಯಿ ಕರ್ನಾಟಕಿ. ಅವಿಭಜಿತ ಬಿಜಾಪುರ ಜಿಲ್ಲೆಯ ಬೀಳಗಿಯವರು. ಈಗ ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ. ಅಕ್ಕ ಗೋಹರ್‌ಬಾಯಿಯ ಜೊತೆ ರಂಗಭೂಮಿಯ ನಂಟಿನಲ್ಲಿ ಬೆಳೆದು ಮುಂಬಯಿಗೆ ಹೋದವರು. 1943ರ 'ಕಿಸ್ಮತ್' ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತಕ್ಕೆ ಅವರು ಹಾಡಿದ ಹಾಡುಗಳು ದೇಶದ ತುಂಬ ಹರಡಿದವು. ಆ ಚಿತ್ರ ಕಲ್ಕತ್ತೆಯ ಒಂದೇ ಥಿಯೇಟರಿನಲ್ಲಿ ಮೂರು ವರ್ಷಕ್ಕೂ ಮಿಕ್ಕಿ ಓಡಿತು. 1965ರಲ್ಲಿ ಅವರು ತೀರಿಕೊಂಡರು. ರಹಮತ್ ತರೀಕೆರೆಯವರು ಅವರ ಬದುಕನ್ನು ಹುಡುಕಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಅವರ ಹೆಸರಿನ ಅಮೀರ್ ಟಾಕೀಸ್ ನಮ್ಮೂರಲ್ಲೇ ಇತ್ತು.

ಈ ಸಂಗತಿ ನಮ್ಮನ್ನು ಬಹಳ ದಿನ ಕಾಡಿತು. ನಮ್ಮದೇ ಸೀಮೆಯ ಮುಸ್ಲಿಮ್ ಹೆಣ್ಣುಮಗಳೊಬ್ಬಳು ಇಡೀ ದೇಶಕ್ಕೆ ಹಾಡಿದಳು. ಅವಳ ಹೆಸರಿನ ಟಾಕೀಸಿನಲ್ಲಿ ನಾವು ಗಂಡುಹುಡುಗರು ಸೀಟಿ ಹೊಡೆದು ಸಿನಿಮಾ ನೋಡಿದೆವು. ಅವಳ ಹಾಡುಗಳನ್ನು ನಮಗಿಂತ ಚೆನ್ನಾಗಿ ಬಲ್ಲ ನಮ್ಮ ಅಕ್ಕನಿಗೆ ಅಲ್ಲಿ ಒಂದು ಕುರ್ಚಿ ಇರಲಿಲ್ಲ. ಸಿನಿಮಾ ತಪ್ಪು ಎನ್ನುವುದಾದರೆ ಅದು ಇಬ್ಬರಿಗೂ ತಪ್ಪಾಗಬೇಕಿತ್ತು. ಹಾಗೆ ಆಗಲಿಲ್ಲ. ಮಗನ ವಿಷಯಕ್ಕೆ ಕಣ್ಣು ಮುಚ್ಚಿಕೊಂಡ ಮನೆ ಮಗಳ ವಿಷಯಕ್ಕೆ ಬಾಗಿಲು ಮುಚ್ಚಿತು. ಇದರಲ್ಲಿ ಧರ್ಮ ಎಷ್ಟು, ಓಣಿಯ ಜನ ಏನೆಂದಾರು ಎಂಬ ಅಂಜಿಕೆ ಎಷ್ಟು ಎಂಬುದನ್ನು ಪ್ರತಿಯೊಂದು ಮನೆಯೂ ತನ್ನಷ್ಟಕ್ಕೆ ಲೆಕ್ಕ ಹಾಕಿ ನೋಡಿಕೊಳ್ಳಬೇಕು. ಈ ಅಂಜಿಕೆ ನಮ್ಮ ಓಣಿಯದು ಮಾತ್ರವೂ ಅಲ್ಲ. ಬಡಿಗೇರರ ಗೆಳೆಯನ ತಂಗಿಯೂ ನಾಟಕವನ್ನು ಅಣ್ಣನ ಬಾಯಲ್ಲೇ ಕೇಳಿದವಳು.

ಟೀವಿ ಬಂದ ಮೇಲೆ ಆಪಾ ಆ ಸಿನಿಮಾಗಳನ್ನೆಲ್ಲ ನೋಡಿದಳು. ನೋಡಿ, 'ನೀವು ಹೇಳಿದ್ದೇ ಚಲೋ ಇತ್ತು' ಎಂದು ನಕ್ಕಳು. ಆ ಹೊತ್ತಿಗೆ ಅವಳಿಗೆ ಮದುವೆಯಾಗಿ ಎರಡು ಮಕ್ಕಳಾಗಿದ್ದವು. ಹರೆಯದಲ್ಲಿ ನೋಡುವುದು ಬೇರೆ, ಆಮೇಲೆ ನೋಡುವುದು ಬೇರೆ. ಹದಿನೆಂಟರ ಆ ಉಮೇದು ಮೂವತ್ತಕ್ಕೆ ಕಾಯುತ್ತ ಕೂರುವುದಿಲ್ಲ.

ಈಗ ಕಾಲ ಬದಲಾಗಿದೆ. ಹಾಡು, ಸಿನಿಮಾ ಎಲ್ಲ ಮೊಬೈಲಿನೊಳಗೆ ಬಂದಿವೆ. ಹುಡುಗ, ಹುಡುಗಿ ಎಂಬ ಭೇದವಿಲ್ಲದೆ ಎಲ್ಲರ ಕಿವಿಯಲ್ಲೂ ಇಯರ್‌ಫೋನು. ಇನ್ನು ಸಮಸ್ಯೆಯೇ ಇಲ್ಲವಲ್ಲ ಎನಿಸಬಹುದು. ಆದರೆ ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡವಾದರೂ, ನಾಲ್ಕು ಜನರೆದುರು ನಿಂತು ಹಾಡುವುದಕ್ಕೆ, ಆಡುವುದಕ್ಕೆ ಅಪ್ಪಣೆ ಬೇಕೇ ಬೇಕು.

ಇದು ನಮಗೆ ಗೊತ್ತಾದದ್ದು ಆಪಾಳ ಮೊಮ್ಮಗಳಿಂದ. ಅವಳು ಧಾರವಾಡದಲ್ಲಿ ಓದುತ್ತಾಳೆ. ಕಾಲೇಜಿನವರು ಗಿರೀಶ ಕಾರ್ನಾಡರ 'ತುಘಲಕ್' ಆಡಿಸಲು ಹೊರಟರು. 1964ರ ನಾಟಕ. ಸುಲ್ತಾನನ ಮಲತಾಯಿಯ ಪಾತ್ರಕ್ಕೆ ಇವಳನ್ನು ಆರಿಸಿದರು. ಹುಡುಗಿ ಹಬ್ಬಕ್ಕೆ ಊರಿಗೆ ಬಂದವಳು ಊಟವಾದ ಮೇಲೆ ಎಲ್ಲರೆದುರಿಗೇ ವಿಷಯ ಎತ್ತಿದಳು. ಮನೆಯಲ್ಲಿ ಗದ್ದಲವೇ ಆಯಿತು. ಅವಳ ಚಾಚಾನ ಮಾತು ಒಂದೇ.

'ನಾಟಕ ಒಂದು ರಾತ್ರಿ ಇರ್ತದ. ವಿಡಿಯೋ ಕಾಯಂ ಇರ್ತದ. ನಾಳೆ ಸಂಬಂಧ ನೋಡಾಕ ಬಂದವರು ಅದನ್ನ ನೋಡಿದ್ರ?'

ಇದು ತೆಗೆದುಹಾಕುವ ಮಾತಲ್ಲ. ಅವನು ಕೆಟ್ಟವನೂ ಅಲ್ಲ. ಆ ಹುಡುಗಿಯ ಕಾಲೇಜಿನ ಫೀಸು ಕಟ್ಟುವವನು ಅವನೇ. ಜನ ಹಾಗೆ ವಿಡಿಯೋ ನೋಡಿ ಸಂಬಂಧ ಬಿಟ್ಟದ್ದನ್ನು ನಾವೂ ಕೇಳಿದ್ದೇವೆ. 'ನಾಟಕ ನೋಡಿ ಬೇಡ ಅನ್ನುವವರ ಮನೆಗೆ ಅವಳು ಹೋಗಿ ಸುಖವಾಗಿರುತ್ತಾಳೆಯೇ?' ಎಂದು ನಾವು ಕೇಳಿದೆವು. ಅವನು ಉತ್ತರಿಸಲಿಲ್ಲ.

ಆಗ ಆಪಾ ಮಾತಾಡಿದಳು. 'ಕತಿ ಕೇಳಿ ಕೇಳಿ ನನಗ ಸಾಕಾಗೇದ. ಈ ಸಲ ಕುಂತು ನೋಡ್ತೀನಿ.'

ಅಬ್ಬಾ ಮೂಲೆಯ ಮಂಚದ ಮೇಲಿದ್ದರು. ತೊಂಬತ್ತರ ಹತ್ತಿರದ ಜೀವ. ಅಂಗಡಿ ಮುಚ್ಚಿ ಬಹಳ ವರ್ಷಗಳಾದವು. ಕಿವಿ ಮಂದ. ಎಲ್ಲ ಕೇಳಿಸಿತೋ ಇಲ್ಲವೋ ತಿಳಿಯದು. ಎಲ್ಲರೂ ಸುಮ್ಮನಾದ ಮೇಲೆ ಮರಿಮಗಳನ್ನು ಹತ್ತಿರ ಕರೆದು ಒಂದೇ ಮಾತು ಕೇಳಿದರು.

'ಪೋಷಾಕು ಯಾರು ಹೊಲೀತಾರ?'

ಅಲ್ಲಿಗೆ ಚರ್ಚೆ ಮುಗಿಯಿತು. ಚಾಚಾ ಎದ್ದು ಹೊರಗೆ ಹೋದ. ಒಪ್ಪಿದ್ದೇನೆ ಎಂದು ಅವನು ಇವತ್ತಿಗೂ ಬಾಯಿಬಿಟ್ಟು ಹೇಳಿಲ್ಲ. ಆದರೆ ನಾಟಕದ ದಿನ ಬಾಡಿಗೆ ಜೀಪು ಗೊತ್ತು ಮಾಡಿದವನು ಅವನೇ.

ಧಾರವಾಡಕ್ಕೆ ಇಲ್ಲಿಂದ ಸುಮಾರು ಇನ್ನೂರು ಕಿಲೋಮೀಟರ್. ನಾವು ಏಳು ಜನ ಹೋದೆವು. ಬಡಿಗೇರರ ಗೆಳೆಯನೂ ಬಂದಿದ್ದ, ಅವನ ತಂಗಿಯೂ ಬಂದಿದ್ದಳು. ಹುಡುಗಿ ಚೆನ್ನಾಗಿಯೇ ಮಾಡಿದಳು. ಒಂದು ಕಡೆ ಮಾತು ತಡವರಿಸಿದಳು, ಸಾವರಿಸಿಕೊಂಡಳು. ತಾಯಿಗೆ ಕಲ್ಲು ಹೊಡೆದು ಕೊಲ್ಲುವ ಶಿಕ್ಷೆಯನ್ನು ಸುಲ್ತಾನ ವಿಧಿಸುವಾಗ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಆಪಾ ಮುಂದಿನ ಸಾಲಿನ ಕುರ್ಚಿಯಲ್ಲಿ ಸೆರಗು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದಳು.

ಹರೆಯದ ಈ ಉಮೇದನ್ನು ತಿದ್ದಬೇಕು, ದಾರಿಗೆ ಹಚ್ಚಬೇಕು ಎನ್ನುವ ಹಿರಿಯರ ಕಾಳಜಿ ನಮಗೂ ಅರ್ಥವಾಗುತ್ತದೆ. ಇಂದು ನಾವೂ ಹಿರಿಯರೇ. ಆದರೆ ತಿದ್ದುವುದಕ್ಕೆ ಮೊದಲು ಮಕ್ಕಳು ಏನು ಕೇಳುತ್ತಿದ್ದಾರೆ, ಏನು ನೋಡುತ್ತಿದ್ದಾರೆ ಎಂದು ಪಕ್ಕದಲ್ಲಿ ಕುಳಿತು ವಿಚಾರಿಸಬೇಕಲ್ಲವೇ? ಮಗನನ್ನು ವಿಚಾರಿಸಿದಷ್ಟೇ ಸಲಿಗೆಯಿಂದ ಮಗಳನ್ನೂ ವಿಚಾರಿಸಬೇಕಲ್ಲವೇ?

ಮರಳುವಾಗ ಜೀಪಿನಲ್ಲಿ ಆಪಾ ಬಹಳ ಹೊತ್ತು ಮಾತಾಡಲಿಲ್ಲ. ನವಲಗುಂದ ದಾಟಿದ ಮೇಲೆ ಕೇಳಿದಳು, 'ಹೆತ್ತವಳಲ್ಲ ಅಂದ್ರೂ ತಾಯಿ ತಾಯೀನ ಅಲ್ಲೇನು? ಅಂಥಾ ಶಿಕ್ಷಾ ಯಾಕ ಕೊಟ್ಟ?' ಒಬ್ಬೊಬ್ಬರು ಒಂದೊಂದು ಉತ್ತರ ಹೇಳಿದರು. ಚಾಚಾ ಅದನ್ನೆಲ್ಲ ಅಲ್ಲಗಳೆದು ತನ್ನದೇ ಒಂದು ಕಾರಣ ಕೊಟ್ಟ. ಆಪಾ ಅದನ್ನೂ ಒಪ್ಪಲಿಲ್ಲ. ಊರು ಮುಟ್ಟುವವರೆಗೂ ವಾದ ನಡೆದೇ ಇತ್ತು.